ಚಿಂದಿ ಕಟ್ಟಿದ ಮುಳಗಾಯಿ

ಅತ್ತೆಯನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದೆ. ಒಲೆ ಹೊತ್ತಿಸದ ಮನೆಯಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಮುಳಗಾಯಿ ಗಿಡಗಳ ಬುಡಕ್ಕೆ ಬೆರಳು ಚುಚ್ಚಿ ಹಸಿ ಇದೆಯೇ ಎಂದು ನೋಡಿದೆ. ಕೊಡ ಎತ್ತಿಕೊಳ್ಳುವಷ್ಟರಲ್ಲಿ ಬಾಗಿಲಿನಿಂದ ಕೂಗು ಬಂತು.

"ಏ, ಮುಟ್ಟಬ್ಯಾಡ! ಸೂತಕದ ಕೈಲೆ ಮುಟ್ಟಿದ್ರ ಗಿಡಾ ಸುಟ್ಟು ಹೋಗ್ತಾವ."

ಕೂಗಿದವರು ನನ್ನ ಗಂಡನ ಅಕ್ಕ. ಮಹಾಲಿಂಗಪುರಕ್ಕೆ ಕೊಟ್ಟ ಹೆಣ್ಣುಮಗಳು, ಅತ್ತೆಯ ಹಿರಿಯ ಮಗಳು. ನಾನು ಕೊಡ ಇಳಿಸಿ ಒಳಗೆ ಬಂದೆ. ಎದುರು ಮಾತಾಡುವ ಹೆಂಗಸು ನಾನಲ್ಲ. ಆದರೆ ಆವತ್ತು ಆಡದ ಮಾತನ್ನು ಇಲ್ಲಿ ಬರೆಯುತ್ತೇನೆ. ಆ ಗಿಡಗಳು ಸುಟ್ಟುಹೋಗಲು ಸೂತಕದ ಕೈ ಬೇಕಿರಲಿಲ್ಲ. ನಮ್ಮನ್ನು ತಂದು ಇಳಿಸಿದ ಈ ಕಲ್ಲಿನ ಮಡ್ಡಿ ಸಾಕಿತ್ತು, ಇಲ್ಲಿಯ ಸವಳು ನೀರು ಸಾಕಿತ್ತು, ಗಿಡಮರವಿಲ್ಲದ ದಿಬ್ಬದ ಮೇಲೆ ಬೀಸುವ ಬಿಸಿಗಾಳಿ ಸಾಕಿತ್ತು. ಇಷ್ಟಾದರೂ ಅವು ಬದುಕಿದ್ದವು ಅಂದರೆ ಅತ್ತೆಯ ಕೈಯಿಂದ ಮತ್ತು ನನ್ನ ಕೈಯಿಂದ.

ಬದನೆಯನ್ನು ನಾವು ಮುಳಗಾಯಿ ಎನ್ನುತ್ತೇವೆ. ನಮ್ಮ ಹಳೆಯ ಊರು ಕೃಷ್ಣೆಯ ದಂಡೆಯಲ್ಲಿತ್ತು. ಅಲ್ಲಿಯ ಮುಳಗಾಯಿಗೆ ಬಿಳಿ ಮೈಮೇಲೆ ನೇರಳೆ ಗೀರು, ತೊಟ್ಟಿಗೆ ಮುಳ್ಳು. ಎಣ್ಣಿಗಾಯಿ ಮಾಡಿದರೆ ಬೆಂದರೂ ಒಡೆಯುತ್ತಿರಲಿಲ್ಲ. ಅಣೆಕಟ್ಟಿನ ಹಿನ್ನೀರಿಗೆ ಊರು ಹೋದ ಮೇಲೆ ಬೀಳಗಿ ಕಡೆಯ ಕಲ್ಲುಮಡ್ಡಿಯ ಮೇಲೆ ಪುನರ್ವಸತಿ ಕೇಂದ್ರ ಎಂದು ಗೆರೆ ಎಳೆದು ಜಾಗ ಕೊಟ್ಟರು. ಸುತ್ತಲಿನವರು ನಮ್ಮನ್ನು ಮುಳುಗಡಿ ಮಂದಿ ಎಂದೇ ಕರೆಯುತ್ತಾರೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವನೊಬ್ಬ ಅತ್ತೆಯನ್ನು ಕಂಡಾಗಲೆಲ್ಲ ನಗೆಯಾಡುತ್ತಿದ್ದ.

"ಬರ್ರಿ ಅಮ್ಮಾರ, ಮುಳುಗಡಿ ಮಂದಿಗಿ ಮುಳಗಾಯಿ!"

ಅತ್ತೆ ಕಾಯಿ ಹಿಚುಕಿ ನೋಡಿ ವಾಪಸ್ಸು ಬುಟ್ಟಿಗೆ ಹಾಕುತ್ತಿದ್ದರು. "ಮುಳುಗಿದ್ದು ಊರಪಾ, ನಾಲಿಗಿ ಮುಳುಗಿಲ್ಲ. ಇದು ಮುಳಗಾಯಿ ಅಲ್ಲ, ಹತ್ತಿ ತುಂಬಿದ ತಲಿದಿಂಬು."

ಊರು ಬಿಡುವಾಗ ಎಲ್ಲರೂ ಬಾಗಿಲು, ತೊಲೆ, ಬೀಸುವ ಕಲ್ಲು ಹೇರಿಕೊಂಡು ಬಂದೆವು. ಜೊತೆಗೆ ಮಣ್ಣನ್ನೂ ಹೇರಿಕೊಂಡು ಬಂದೆವು. ನಮ್ಮೂರ ಕರಿ ಮಣ್ಣು, ಯರಿ. ತುಳಸಿ ಕಟ್ಟೆಗೆ ಒಂದು ಬುಟ್ಟಿ ಎಂದು ಯಾರೋ ಶುರು ಮಾಡಿದರು. ಒಬ್ಬರನ್ನು ನೋಡಿ ಒಬ್ಬರು, ಕಡೆಗೆ ಹಿತ್ತಲಿಗೆ ಒಂದು ಟ್ರ್ಯಾಕ್ಟರ್ ಎಂಬಲ್ಲಿಗೆ ಬಂತು. ಗುದ್ದಲಿ ಹಾಕಿದರೆ ಠಣ್ ಎನ್ನುವ ಗರಸಿನ ಮೇಲೆ ಆ ಯರಿಯನ್ನು ಗೇಣು ದಪ್ಪ ಹಾಸಿದೆವು. ನದಿ ದಂಡೆಯ ಮಂದಿ ಮಾತ್ರ ಮಾಡುವ ತಪ್ಪು ಅದು. ಹಡೆದವ್ವನಂಥ ಮಣ್ಣು, ಎಲ್ಲಿ ಸುರಿದರೂ ಬೆಳೆಯುತ್ತದೆ ಎಂದು ನಂಬಿದ್ದೆವು. ಹಳೆ ಊರಲ್ಲಿ ಮಾಡುತ್ತಿದ್ದಂತೆಯೇ ಮಡಿ ಕಟ್ಟಿ, ನೀರು ನಿಲ್ಲುವಷ್ಟು ಬಿಟ್ಟೆವು. ನೀರು ಕೇಂದ್ರದ ಕೊಳವೆಬಾವಿಯದು. ಸಾಬೂನು ಹಚ್ಚಿದರೆ ನೊರೆ ಬಾರದ ನೀರು. ಬೇಳೆ ಬೇಯದ ನೀರು.

"ಇಲ್ಲಿ ಅಡಿಗಿಗೆ ಉಪ್ಪು ಹಾಕೂದು ಬ್ಯಾಡವಾ, ಸರಕಾರದವರಽ ಹಾಕಿ ಕಳಸ್ಯಾರ," ಎಂದು ಅತ್ತೆ ಮೊದಲ ವಾರವೇ ಹೇಳಿದ್ದರು. ನಾವು ನಕ್ಕೆವು. ಅದೇ ನೀರು ಮಣ್ಣಿಗೆ ಏನು ಮಾಡುತ್ತದೆ ಎಂದು ಯಾರೂ ಯೋಚಿಸಲಿಲ್ಲ.

ಯರಿ ಆ ನೀರನ್ನು ಕುಡಿದು ಹಿಡಿದಿಟ್ಟುಕೊಂಡಿತು. ಕೆಳಗೆ ಗರಸು ಗಚ್ಚಿನಂತೆ ಬಿಗಿಯಾಗಿತ್ತು, ನೀರು ಇಳಿಯಲು ದಾರಿ ಇಲ್ಲ. ಬಿಸಿಲಿಗೆ ನೀರು ಆರಿತು, ಉಪ್ಪು ಮೇಲೆ ಉಳಿಯಿತು. ಚಳಿಗಾಲದ ಹೊತ್ತಿಗೆ ಕರಿ ಮಡಿಗಳ ಮೇಲೆ ಸುಣ್ಣ ಚಿಮುಕಿಸಿದಂತೆ ಬಿಳಿ ಪದರ ಕೂತಿತು. ಮುಳಗಾಯಿ ಎಲೆಗಳು ಅಂಚಿನಿಂದ ಸುಟ್ಟುಕೊಂಡು ಬಂದವು. ನಮ್ಮ ಓಣಿಯ ಎಲ್ಲ ಹಿತ್ತಲಲ್ಲೂ ಅದೇ ಕಥೆ. ಊರಿಂದ ತಂದ ಬೀಜವನ್ನೆಲ್ಲ ಮಂದಿ ಆ ವರ್ಷವೇ ಬಿತ್ತಿದ್ದರು, ಆ ವರ್ಷವೇ ಕಳೆದುಕೊಂಡರು. ಕೊಳವೆಬಾವಿ ಕೊರೆದವರಿಗೆ ನೀರು ಬಿದ್ದದ್ದು ಸಾಕಾಗಿತ್ತು. ಅದು ಎಂಥ ನೀರು ಎಂದು ಒಬ್ಬರೂ ಹೇಳಲಿಲ್ಲ. ದಂಡೆಯ ಮೇಲೆ ಹುಟ್ಟಿದವರನ್ನು ಕಲ್ಲಿನ ಮೇಲೆ ಕೂರಿಸುವಾಗ ಒಂದು ಮಾತು ಹೇಳಬೇಕೆಂದು ಯಾರಿಗೂ ಅನಿಸಲಿಲ್ಲ.

ಓಣಿಯವರು ಹಿತ್ತಲ ಆಸೆ ಬಿಟ್ಟರು. ಕೆಲವರು ಫರಸಿಕಲ್ಲು ಹಾಸಿದರು, ಕೆಲವರು ಎಮ್ಮೆ ಕಟ್ಟಿದರು. ಅತ್ತೆ ಬಿಡಲಿಲ್ಲ. ಅವರ ಹತ್ತಿರ ಇನ್ನೊಂದು ಹಿಡಿ ಬೀಜವಿತ್ತು. ಇದ್ದ ಬೀಜವನ್ನೆಲ್ಲ ಒಂದೇ ಸಲ ನೆಲಕ್ಕೆ ಹಾಕಬಾರದು ಎನ್ನುವುದು ಅವರ ರೂಢಿ. ಬೂದಿಯಲ್ಲಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಜಂತಿಗೆ ತೂಗುಹಾಕಿದ್ದರು. ಆ ಊರಿನ ಮುಳಗಾಯಿ ಎಂದರೆ ಇನ್ನು ಆ ಗಂಟು ಅಷ್ಟೇ.

ಮನೆ ಕಟ್ಟಿದಾಗ ಪಾಯದಿಂದ ತೆಗೆದ ಗರಸು ಹಿತ್ತಲ ಮೂಲೆಯಲ್ಲಿ ಬಿದ್ದಿತ್ತು. ಒಂದಿಷ್ಟು ಯರಿ ಅದರ ಮೇಲೆ ಚೆಲ್ಲಿ ಕಲೆತುಹೋಗಿತ್ತು. ಯಾವುದೋ ಹೀರೇಬೀಜ ಅಲ್ಲಿ ತಾನಾಗಿ ಬಿದ್ದು ಬಳ್ಳಿಯಾಗಿತ್ತು. ಮಡಿಯಲ್ಲಿ ಎಲ್ಲ ಸುಡುತ್ತಿರುವಾಗ ಆ ಬಳ್ಳಿ ಮಾತ್ರ ಹಸಿರಾಗಿತ್ತು. ಅದನ್ನು ದಿನವೂ ನೋಡುತ್ತಿದ್ದ ನಾನು ಒಂದು ದಿನ ಬಾಯಿಬಿಟ್ಟೆ.

"ಅತ್ತಿ, ಯರಿ ಎಲ್ಲಾ ಎತ್ತಿ ಗರಸಿನಾಗ ಕಲಸೂಣ್ರಿ. ಉಪ್ಪು ಕೆಳಗ ಇಳೀತೈತಿ."

"ನಮ್ಮೂರ ಮಣ್ಣಿನ್ಯಾಗ ಈ ಕಲ್ಲು ಕಲಸ್ತೀಯೇನ?" ಅತ್ತೆ ಎದ್ದು ನಿಂತರು. "ನಾಳೆ ಹಾಲಿನ್ಯಾಗ ಉಸುಕು ಹಾಕೂಣು ಅಂತೀದಿ. ಹೋಗ್, ಕುಬಸ ಹೊಲಿ ಹೋಗ್."

ನಾನು ಮನೆಯಲ್ಲಿ ಕುಬಸ, ಅಂದರೆ ರವಿಕೆ, ಹೊಲಿಯುತ್ತೇನೆ. ಹೋಗಿ ಹೊಲಿದೆ. ಅತ್ತೆ ಸಿಟ್ಟಿನಿಂದ ಮಾತು ಬಿಟ್ಟರು. ಆಮೇಲೆ ಒಂದು ಮುಂಜಾನೆ ಹಿತ್ತಲಲ್ಲಿ ಸದ್ದು ಕೇಳಿ ಹೋಗಿ ನೋಡಿದರೆ ಅವರು ಸೆರಗು ಕಟ್ಟಿ ಕುಕ್ಕರುಗಾಲಲ್ಲಿ ಕೂತು, ಜೋಳದ ಹಿಟ್ಟು ನಾದಿದಂತೆ ಯರಿ ಮತ್ತು ಗರಸನ್ನು ಎರಡೂ ಕೈಯಿಂದ ಕಲಸುತ್ತಿದ್ದರು. ಮುಖ ತೊಯ್ದಿತ್ತು.

"ಅಳಬ್ಯಾಡ್ರಿ ಅತ್ತಿ."

"ಯಾರ್ ಅಳಾಕತ್ತಾರ ಬೇ? ಸವಳು ಕಣ್ಣಾಗ ಹೋಗೈತಿ. ಬುಟ್ಟಿ ತಾ."

ಅಲ್ಲಿಂದ ನಮ್ಮ ಕೆಲಸ ಬೇರೆಯಾಯಿತು. ಕಬ್ಬಿಣದ ಹಾರಿಯಿಂದ ಗರಸು ಒಡೆದು ಮೊಳದಾಳದ ಗುಂಡಿಗಳನ್ನು ತೋಡಿದೆವು. ತಳಕ್ಕೆ ಬರೀ ಗರಸು, ಮೇಲೆ ಕಲಸಿದ ಮಣ್ಣು, ಅದರಲ್ಲಿ ಹಳೆಯ ಸಗಣಿ ಗೊಬ್ಬರ. ಮಡಿಯನ್ನು ಎತ್ತರ ಮಾಡುವ ಬದಲು ನೆಲಕ್ಕಿಂತ ತಗ್ಗಾಗಿ ಇಟ್ಟೆವು. ಗಾಳಿ ಗಿಡದ ತಲೆಯ ಮೇಲಿಂದ ಹಾಯ್ದು ಹೋಗಲಿ, ಬಿದ್ದ ನೀರು ಬುಡದಲ್ಲೇ ಇರಲಿ ಎಂದು. ಪಡುವಣ ದಿಕ್ಕಿಗೆ ಜೋಳದ ಕಣಕಿಯ, ಒಣ ದಂಟಿನ, ತಟ್ಟಿ ಕಟ್ಟಿದೆವು. ನಡುಹಗಲ ಬಿಸಿಲಿಗೆ ಹಳೆಯ ಸೀರೆ ಅಡ್ಡ ಹಿಡಿಸಿದೆವು. ಮಳೆಗಾಲದಲ್ಲಿ ತಗಡಿನ ಮೇಲಿನ ನೀರನ್ನೆಲ್ಲ ಆ ಗುಂಡಿಗಳಿಗೆ ಹರಿಸಿ ಉಪ್ಪು ಇಳಿಸಿದೆವು. ಆ ವರ್ಷ ಮುಳಗಾಯಿ ಹಚ್ಚಲಿಲ್ಲ. ಮೆಂತ್ಯೆ, ಪುಂಡಿ ಪಲ್ಲೆ ಹಾಕಿ ಮಣ್ಣನ್ನು ಪರೀಕ್ಷೆ ಮಾಡಿದೆವು. ಮೆಂತ್ಯೆ ಹಳದಿಯಾದ ಗುಂಡಿಯನ್ನು ಮತ್ತೆ ತೊಳೆದೆವು.

ಬೇಸಿಗೆಗೆ ನೀರುಣಿಸಲು ಮಣ್ಣಿನ ಗಡಿಗೆ ಹೂಳಿದೆವು. ಗಡಿಗೆಯ ತಳದಲ್ಲಿ ತೂತು ಮಾಡಿ, ಬಟ್ಟೆಯ ಬತ್ತಿ ತೂರಿಸಿ, ಅದರ ತುದಿ ಗಿಡದ ಬೇರಿನ ಹತ್ತಿರ ಹೋಗುವಂತೆ ಮಾಡಿದೆವು. ಮೊದಲು ಕುಬಸದ ಖಣದ ತುಂಡು ಹಾಕಿದೆ, ಅದು ನೀರು ಎಳೆಯಲಿಲ್ಲ. ಕುಬಸಕ್ಕೆ ಒಳಗಿನಿಂದ ಕೊಡುವ ಅಸ್ತರದ ಹತ್ತಿ ಬಟ್ಟೆ ಎಳೆಯಿತು. ಗಡಿಗೆ ಒಮ್ಮೆ ತುಂಬಿದರೆ ಹನಿಹನಿಯಾಗಿ ಹಲವು ದಿನ ಬರುತ್ತಿತ್ತು. ಬತ್ತಿಯಲ್ಲಿ ಉಪ್ಪು ಕಟ್ಟಿದಾಗ ಬದಲಿಸಬೇಕು, ಅಷ್ಟೇ. ಅದಕ್ಕೆಂದೇ ಗಡಿಗೆಗಳಿಗೆ ಕೊಳವೆಬಾವಿ ನೀರು ಬೇಡವೆಂದು, ವಾರಕ್ಕೊಮ್ಮೆ ನಳಕ್ಕೆ ಬರುವ ಹೊಳೆ ನೀರನ್ನು ಹಾಕತೊಡಗಿದೆವು. ನಮ್ಮ ಸ್ನಾನ, ಮುಸುರಿ ಎಲ್ಲ ಸವಳಿನಲ್ಲೇ ಆಯಿತು.

ಇದು ನೀರು ಬಿಡುವವನ ಕಣ್ಣಿಗೆ ಬಿತ್ತು. ಒಂದು ದಿನ ಕಚೇರಿಯ ಮನುಷ್ಯನೊಬ್ಬನನ್ನು ಕರೆದುಕೊಂಡು ಬಂದ. ಆತ ಗುಂಡಿಗಳನ್ನು ನೋಡಿದ, ಸೀರೆಯ ಚಪ್ಪರ ನೋಡಿದ, ನಕ್ಕ.

"ಕುಡಿಯೋ ನೀರನ್ನು ಗಿಡಕ್ಕೆ ಹಾಕೋದು ದುರುಪಯೋಗ ಆಗುತ್ತಮ್ಮ. ನಳ ಬಂದ್ ಮಾಡಬೇಕಾಗುತ್ತೆ. ಕಾಯಿಪಲ್ಲೆ ಬೇಕಾದ್ರೆ ಸಂತೆಯಲ್ಲಿ ಸಿಗಲ್ವಾ?"

ಅತ್ತೆ ಕೈಯ ಮಣ್ಣು ಒರೆಸಿಕೊಂಡರು. "ಸಾಹೇಬ್ರ, ಈ ನೀರು ಎಲ್ಲಿಂದ ಬರ್ತೈತ್ರಿ?"

"ಹಿನ್ನೀರಿಂದ."

"ಹಿನ್ನೀರು ಎಲ್ಲಿ ನಿಂತೈತ್ರಿ?"

ಆತ ನೀರು ಬಿಡುವವನ ಕಡೆ ನೋಡಿದ.

"ನಮ್ಮ ಮುಳಗಾಯಿ ಹೊಲದ ಮ್ಯಾಲ ನಿಂತೈತಿ. ಗುರುತು ಹಿಡೀತೀನಿ ನಾ ಅದನ್ನ. ಅಲ್ಲಿ ಮುಳಗಾಯಿ ಮುಳುಗಿಸಿದ ನೀರು ಇಲ್ಲಿ ನಾಕು ಗಿಡಕ್ಕ ಉಣಸಿದ್ರ ದುರುಪಯೋಗ ಹೆಂಗಾತು?"

ನೀರು ಬಿಡುವವ ಬೇರೆ ಕಡೆ ಮುಖ ತಿರುಗಿಸಿ ನಕ್ಕ. ನಳ ಬಂದ್ ಆಗಲಿಲ್ಲ. ಆದರೆ ಆಮೇಲೆ ನಮ್ಮ ಓಣಿಗೆ ನೀರು ಬಿಡುವಾಗಲೆಲ್ಲ ಆತ "ಗಿಡಕ್ಕ ಅಲ್ಲಬೇ, ಕುಡ್ಯಾಕ" ಎಂದು ಕೂಗುತ್ತ ಹೋಗುತ್ತಿದ್ದ. ಆ ಅವಮಾನವೂ ನಮಗೇ.

ಮಣ್ಣು ಪಾಸಾಯಿತು ಎಂದು ಅತ್ತೆಗೆ ಅನಿಸಿದ ಮೇಲೆ, ಮುಂದಿನ ಮಳೆಗಾಲದ ಕೊನೆಗೆ ಜಂತಿಯ ಗಂಟು ಇಳಿಸಿದರು. ಬೀಜ ಹಳೆಯದಾಗಿತ್ತು. ಇನ್ನೂ ಕಾಯ್ದರೆ ಮೊಳೆಯುವುದಿಲ್ಲ, ಈ ಸಲ ಎಲ್ಲವನ್ನೂ ಹಾಕಲೇಬೇಕು ಎಂದರು. ಒಂದು ಹಿಡಿ ಬೀಜದಲ್ಲಿ ಎದ್ದದ್ದು ನಾಲ್ಕು ಸಸಿ. ಆ ನಾಲ್ಕಕ್ಕೆ ನಾವು ಕೂಸಿಗೆ ಮಾಡುವಂತೆ ಮಾಡಿದೆವು. ಮೊದಲ ಫಸಲು ಬಂದಾಗ ಅತ್ತೆ ಗಿಡದಿಂದ ಎರಡು ಕಾಯಿ ಮಾತ್ರ ಅಡಿಗೆಗೆ ಹರಿದರು. ಎರಡನೆಯ ಸಲ ಬಿಟ್ಟ ಕಾಯಿಗಳಲ್ಲಿ ಒಳ್ಳೆಯವನ್ನು ಬೀಜಕ್ಕೆ ಆರಿಸಿ, ನನ್ನಿಂದ ಖಣದ ಕೆಂಪು ಚಿಂದಿ ತರಿಸಿ, ತೊಟ್ಟಿಗೆ ಕಟ್ಟಿದರು. ಚಿಂದಿ ಕಟ್ಟಿದ ಕಾಯಿಯನ್ನು ಹಳೆ ಊರಲ್ಲಿ ಕಳ್ಳರೂ ಹರಿಯುತ್ತಿರಲಿಲ್ಲ. ಅದು ಗಿಡದಲ್ಲೇ ಹಳದಿಯಾಗಬೇಕು, ಸುಕ್ಕಾಗಬೇಕು. ಆಗಲೇ ಒಳಗೆ ಬೀಜ ಬಲಿಯುವುದು.

ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನವಿತ್ತು. ಬೆಳಿಗ್ಗೆ ಅತ್ತೆ ಗಡಿಗೆಗಳನ್ನು ತುಂಬಿ ಮುಚ್ಚಳ ಹಾಕಿ ಬಂದರು. ಎದೆ ಒತ್ತುತ್ತದೆ ಎಂದು ಕಟ್ಟೆಯ ಮೇಲೆ ಕೂತರು. ಏಳಲಿಲ್ಲ.

ಕುಣಿ ತೋಡಲು ಹೋದವರು ತಡವಾಗಿ ಬಂದರು. ಕೇಂದ್ರದ ಸ್ಮಶಾನವೂ ಮಡ್ಡಿಯೇ. ಹಾರಿಯ ಮೊನೆ ಬಿದ್ದರೆ ಕಿಡಿ ಹಾರುತ್ತಿತ್ತಂತೆ. "ಹಳೆ ಊರಾಗ ಆಗಿದ್ರ ಸಲಿಕಿಲೆ ಆಗ್ತಿತ್ತು," ಎಂದು ನನ್ನ ಗಂಡ ಒಂದೇ ಮಾತು ಹೇಳಿ ಗೋಡೆಗೆ ಮುಖ ಮಾಡಿ ಕೂತರು.

ಸೂತಕದ ದಿನಗಳಲ್ಲಿ ನನ್ನನ್ನು ಹಿತ್ತಲಿಗೆ ಬಿಡಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗಿಡ ಬಾಡಲಿಲ್ಲ. ಅತ್ತೆ ತುಂಬಿದ್ದ ಗಡಿಗೆಯ ನೀರೇ ಅವಕ್ಕೆ ಹನಿಯುತ್ತಿತ್ತು. ಮಾತಾಡಿಸಲು ಬಂದ ಹೆಂಗಸರು "ಅತ್ತಿ ಸತ್ತರ ಇಷ್ಟು ಅಳೂ ಸೊಸಿನ್ನ ಇಲ್ಲೇ ನೋಡಿದ್ವಿ" ಎಂದು ಬಾಯಿಗೆ ಸೆರಗು ಹಿಡಿದು ಹೇಳಿಕೊಂಡರು. ಸೊಸೆಯ ಅಳುವಿಗೂ ಒಂದು ಅಳತೆ ಇಟ್ಟಿದ್ದಾರೆ ಮಂದಿ. ಅಳದಿದ್ದರೆ ಕಲ್ಲು, ಅತ್ತರೆ ನಾಟಕ.

ದಿವಸ ಮಾಡುವ ದಿನ ನೆಂಟರು ತುಂಬಿದರು. ನಾನು ನಳದ ಸರದಿಗೆ ಹೋಗಿ ಕೊಡ ಹೊತ್ತು ಬರುವಷ್ಟರಲ್ಲಿ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಗುರೆಳ್ಳು, ಶೇಂಗಾ ಪುಡಿಯ ವಾಸನೆ. ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೆಂಪು ಚಿಂದಿಗಳು ಬಿದ್ದಿದ್ದವು.

ನಾನು ಅವುಗಳನ್ನು ಎತ್ತಿಕೊಂಡೆ. "ಅಕ್ಕಾರ, ಇವನ್ನ ಬಿಚ್ಚಿದೋರು ಯಾರ್ರಿ?"

ಮಹಾಲಿಂಗಪುರದ ನಾದಿನಿ ಒಲೆಯ ಮುಂದಿನಿಂದಲೇ ಹೇಳಿದರು. "ನಾನಽ. ದೃಷ್ಟಿಗಿ ಕಟ್ಟಿದ್ದಲ್ಲ? ಇನ್ನ ಯಾರ ದೃಷ್ಟಿ ಬೀಳತೈತಿ ಅಂತ ಬಿಚ್ಚಿ ಒಗದೆ."

"ಬೀಜಕ್ಕ ಬಿಟ್ಟಿದ್ವು ಅವು."

"ಅಯ್ಯ, ಸಂತ್ಯಾಗ ಹಚ್ಚಾಕ ಮುಳಗಾಯಿ ಅಗಿ ಸಿಗಂಗಿಲ್ಲೇನು? ಎಷ್ಟು ಬೇಕಷ್ಟು ತರೂಣಂತ. ಅವ್ವಗ ಎಣ್ಣಿಗಾಯಿ ಅಂದ್ರ ಜೀವಾ ಬೇ. ಅವ್ವ ಹಚ್ಚಿದ ಗಿಡದ ಕಾಯಿ ಅವ್ವಗ ಎಡಿ ಇಡಬಾರದೇನು?"

ನನ್ನ ಸಿಟ್ಟೆಲ್ಲ ಈ ಮಾತಿಗೇ. ಕೆಟ್ಟ ಮನಸ್ಸಿನಿಂದ ಹರಿದಿದ್ದರೆ ಬಯ್ಯಬಹುದಿತ್ತು. ಸತ್ತವರಿಗೆ ಉಣಿಸಲು ಹೋಗಿ, ಸತ್ತವರು ಕಾಯ್ದಿಟ್ಟದ್ದನ್ನೇ ಬೇಯಿಸಿದರು. ಹಿತ್ತಲಲ್ಲಿ ನಾಲ್ಕೂ ಗಿಡ ಬೋಳಾಗಿದ್ದವು. ಹೀಚನ್ನೂ ಬಿಟ್ಟಿರಲಿಲ್ಲ. ಕೊಂಬೆ ಹಿಡಿದು ಜಗ್ಗಿದ್ದಕ್ಕೆ ಎರಡು ಕಡೆ ಸಿಗಿದಿತ್ತು. ಹರಿದ ಕಾಯಿಗಳ ಬೀಜ ಇನ್ನೂ ಬಿಳಿ, ಎಳೆಯದು. ನಾನು ಒಂದನ್ನು ಒಡೆದು ನೋಡಿದೆ. ಉಗುರಿಗೆ ಹಾಲಿನಂತೆ ಹತ್ತಿತು.

ಗೋರಿಯ ಮೇಲೆ ಎಡೆ ಇಟ್ಟು ಬಂದರು. ಪಂಕ್ತಿ ಕೂತಿತು. ಬಡಿಸುವ ಪಾಳಿ ನನ್ನದು. ಹಳೆ ಊರಿನ ಮುದುಕಿಯೊಬ್ಬಳು ರೊಟ್ಟಿಯಲ್ಲಿ ಎಣ್ಣಿಗಾಯಿ ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದಳು. "ಇದು ನಮ್ಮೂರದು ಹೌದಲ್ಲೋ? ಎಷ್ಟು ವರ್ಷಾಗಿತ್ತು! ಇನ್ನೊಂದು ಹಾಕವಾ ತಂಗಿ." ಹಾಕಿದೆ. ನಮ್ಮೂರಿನ ಕೊನೆಯ ಮುಳಗಾಯಿಯನ್ನು ನನ್ನ ಕೈಯಿಂದಲೇ ಬಡಿಸಿ ಮುಗಿಸಿದೆ. ನಾದಿನಿ ನನ್ನ ತಾಟಿಗೆ ಒಂದು ಹಾಕಲು ಬಂದರು. ನಾನು ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಮಜ್ಜಿಗೆ ಅನ್ನ ಉಂಡೆ.

ನೆಂಟರು ಹೋದ ಮೇಲೆ ಬಿಸಿಲು ಏರಿತು. ಗಿಡಗಳಲ್ಲಿ ಹೂವು ಬರುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಬಿಸಿಗಾಳಿಗೆ ಹೂವು ತೊಟ್ಟು ಕಳಚಿ ಬೀಳುತ್ತಿತ್ತು. ಎಲೆಯ ಕೆಳಗೆ ನುಸಿ ಕಟ್ಟಿತು. ಬೂದಿ ಉದುರಿಸಿದೆ, ಎಲೆ ತೊಳೆದೆ, ಎರಡು ಪದರ ಸೀರೆ ಕಟ್ಟಿದೆ. ಏನೂ ಆಗಲಿಲ್ಲ. ಮಳೆಗೆ ಇನ್ನೂ ಬಹಳ ದಿನವಿತ್ತು. ಅಲ್ಲಿಯವರೆಗೆ ಇವು ಉಳಿಯುವುದಿಲ್ಲ ಎಂದು ನನಗೂ ಗೊತ್ತಾಗಿತ್ತು. ತಾಯಿ ಹೋದಾಗಿನಿಂದ ಹಿತ್ತಲಿಗೆ ಕಾಲಿಡದ ನನ್ನ ಗಂಡ ಒಂದು ದಿನ ಬಾಗಿಲಲ್ಲಿ ನಿಂತು ಹೇಳಿದರು.

"ಕಿತ್ತು ಒಗಿ ಅವನ್ನ. ನೋಡಾಕ ಆಗವಲ್ದು."

ಅವರು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಹಂಗಾಮಿನ ಕೊನೆಯ ಖೇಪುಗಳು ನಡೆದಿದ್ದವು. ಬುಡಕ್ಕೆ ಮುಚ್ಚಲು ರವದಿ ಬೇಕೆಂದು, ಅಂದರೆ ಕಬ್ಬಿನ ಒಣ ಎಲೆ, ನಾನು ಅವರ ಜೊತೆ ಹಿಪ್ಪರಗಿ ಕಡೆಯ ಹೊಲಕ್ಕೆ ಹೋದೆ. ಒಂದು ಕಡೆ ಕಬ್ಬು ಕಡಿಯುತ್ತಿದ್ದರು. ಪಕ್ಕದ ಪಟ್ಟಿಯಲ್ಲಿ ತಿಂಗಳ ಹಿಂದೆ ಕಡಿದ ಬುಡಗಳು ಸಾಲಾಗಿ ಚಿಗುರಿದ್ದವು. ಕುಳಿ ಬಿಟ್ಟದ್ದು, ಕಡಿದ ಬುಡದಿಂದಲೇ ಏಳುವ ಮರುಬೆಳೆ. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದೇ. ಆವತ್ತು ಮಾತ್ರ ರವದಿಯ ಹೊರೆ ಇಳಿಸಿ ನಿಂತು ನೋಡಿದೆ. ಮೇಲೆ ಹಸಿರಿಲ್ಲ, ಕಡಿದ ಗಾಯವಷ್ಟೇ. ಬೇರು ಮಾತ್ರ ಹಳೆಯದು, ನೆಲದ ಗುರುತು ಇದ್ದದ್ದು.

ವಾಪಸ್ಸು ಬರುವಾಗ ಹೇಳಿದೆ. "ಮುಳಗಾಯಿ ಗಿಡಾ ಕಡದು ಕುಳಿ ಬಿಡ್ತೀನ್ರಿ."

ಗಂಡ ಸ್ಟೇರಿಂಗ್ ಹಿಡಿದೇ ನನ್ನ ಕಡೆ ತಿರುಗಿದರು. "ಕಬ್ಬಿಗೆ ಕುಳಿ ಬಿಡ್ತಾರ. ಮುಳಗಾಯಿಗೆ ಕುಳಿ ಬಿಟ್ಟಿದ್ದು ಯಾವ ಊರಾಗ ನೋಡಿ ನೀ?"

"ಮುಳುಗಡಿ ಊರಾಗ."

ತಾಯಿ ಸತ್ತ ಮೇಲೆ ಅವರು ನಕ್ಕದ್ದು ಅದೇ ಮೊದಲು. ನಗು ಬೇಗ ನಿಂತಿತು. "ಕಡದ್ ಮ್ಯಾಲ ಚಿಗೀಲಿಲ್ಲಂದ್ರ?"

"ಕಡೀಲಿಲ್ಲಂದ್ರ ಹೆಂಗೂ ಸಾಯ್ತಾವ."

ಬಾಯಲ್ಲಿ ಹೇಳುವುದು ಸುಲಭ. ಕುಡಗೋಲು ಮಸೆದುಕೊಂಡು ಗಿಡದ ಮುಂದೆ ಕೂತಾಗ ಕೈ ಬರಲಿಲ್ಲ. ಅತ್ತೆಯ ಕೈ ಮುಟ್ಟಿದ ಕೊಂಬೆಗಳು ಅವು. ನಾದಿನಿ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೇನೆಯೇ ಎನ್ನಿಸಿತು. ಆಮೇಲೆ ಒಂದು ಗಿಡವನ್ನು ಹಾಗೇ ಬಿಟ್ಟು, ಮೂರನ್ನು ನೆಲದಿಂದ ಗೇಣೆತ್ತರಕ್ಕೆ ಓರೆಯಾಗಿ ಕಡಿದೆ. ಗಾಯಕ್ಕೆ ಸಗಣಿ ಮೆತ್ತಿದೆ. ಬತ್ತಿ ಹೊಸದು ಹಾಕಿ ಗಡಿಗೆ ತುಂಬಿದೆ. ರವದಿಯನ್ನು ದಪ್ಪಗೆ ಬುಡಕ್ಕೆ ಒತ್ತಿ ಮುಚ್ಚಿದೆ.

ಕಡಿಯದೆ ಬಿಟ್ಟ ಗಿಡ ಯುಗಾದಿ ಕಳೆಯುವಷ್ಟರಲ್ಲಿ ನಿಂತಲ್ಲೇ ಒಣಗಿತು. ಕಡಿದವು ಏನೂ ಹೇಳದೆ ಕೂತಿದ್ದವು. ಒಂದು ಬೆಳಿಗ್ಗೆ ಒಂದರ ಬುಡ ಅಲುಗಾಡಿಸಿದರೆ ಕೈಗೇ ಬಂತು. ರವದಿಯ ಕೆಳಗೆ ಒರಲೆ ಹುಳು, ಅಂದರೆ ಗೆದ್ದಲು, ಹತ್ತಿ ಬೇರನ್ನು ಟೊಳ್ಳು ಮಾಡಿದ್ದವು. ಕಬ್ಬಿನ ಹೊಲದಲ್ಲಿ ನೀರು ಹಾಯುತ್ತದೆ, ರವದಿ ಕೊಳೆಯುತ್ತದೆ. ಒಣ ಮಡ್ಡಿಯಲ್ಲಿ ಅದೇ ರವದಿ ಒರಲೆಗೆ ಔತಣ. ಉಳಿದ ಎರಡರ ಸುತ್ತ ರವದಿಯನ್ನು ಒಂದು ಗೇಣು ದೂರ ಸರಿಸಿ, ನಡುವೆ ಬೂದಿಯ ಕಟ್ಟು ಹಾಕಿದೆ. ಇಲ್ಲಿ ಒಳ್ಳೆಯದು ಎನ್ನುವ ಯಾವುದನ್ನೂ ಪೂರಾ ನಂಬುವಂತಿಲ್ಲ. ಯರಿಯೂ ಕೈಕೊಟ್ಟಿತು, ರವದಿಯೂ ಕೈಕೊಟ್ಟಿತು. ಆವತ್ತು ಆ ಹಿತ್ತಲಲ್ಲಿ ಕೂತು ನಾನು ಯಾರಿಗೆಂದು ತಿಳಿಯದೆ ಬೈದೆ. ಊರು ಮುಳುಗಿಸಿದವರಿಗೆ, ಕಲ್ಲಿನ ಮೇಲೆ ಗೆರೆ ಎಳೆದವರಿಗೆ, ನಾದಿನಿಗೆ, ಹೇಳದೆ ಕೇಳದೆ ಎದ್ದು ಹೋದ ಅತ್ತೆಗೂ ಬೈದೆ.

ಎರಡರಲ್ಲಿ ಒಂದರ ತೊಗಟೆಯ ಮೇಲೆ ಅಕ್ಕಿಕಾಳಿನಷ್ಟು ಹಸಿರು ಒಡೆದದ್ದನ್ನು ಮೊದಲು ಕಂಡವರು ನನ್ನ ಗಂಡ. ನನಗೆ ಹೇಳದೆ ಅವರು ದಿನವೂ ಡ್ಯೂಟಿಗೆ ಹೋಗುವ ಮುಂಚೆ ಹಿತ್ತಲಿಗೆ ಹೋಗುತ್ತಿದ್ದರಂತೆ. "ಚಿಗತೈತಿ ಬಾ ಇಲ್ಲೆ," ಎಂದು ಕರೆದರು. ಧ್ವನಿ ಸಣ್ಣದಾಗಿತ್ತು. ಇನ್ನೊಂದು ಕೊನೆಗೂ ಏಳಲಿಲ್ಲ.

ಒಂದೇ ಗಿಡ ಉಳಿಯಿತು. ರೋಹಿಣಿ ಮಳೆ ಬಂದಾಗ ತಗ್ಗಿನ ಗುಂಡಿಯಲ್ಲಿ ನೀರು ನಿಂತು ಬುಡ ಕೊಳೆಯುತ್ತದೆಂದು ಅಂಚು ಒಡೆದು ದಾರಿ ಮಾಡಿದೆ. ಕೋಲು ಊರಿ ಕಟ್ಟಿದೆ. ಕಾಯಿ ಕಚ್ಚಿದಾಗ ಹುಳು ಕೊರೆದವನ್ನು ಕಿತ್ತು ಹಾಕಿ, ಮೂರು ಒಳ್ಳೆಯವನ್ನು ಆರಿಸಿ ಚಿಂದಿ ಕಟ್ಟಿದೆ. ಹೊಸ್ತಿಲಿಂದ ಎತ್ತಿ ಇಟ್ಟಿದ್ದ ಅವೇ ಚಿಂದಿಗಳು.

ನಾಗರ ಪಂಚಮಿಗೆ ನಾದಿನಿ ಬಂದರು. ಅವ್ವ ಇಲ್ಲದ ತವರಿಗೆ ಮೊದಲ ಪಂಚಮಿ. ಜೋಕಾಲಿ ಕಟ್ಟಿದ್ದರೂ ಹತ್ತಲಿಲ್ಲ, ಉಂಡಿ ಬಾಯಿಗಿಡಲಿಲ್ಲ. ಅತ್ತೆಯ ಹಾಸಿಗೆಯ ಜಾಗದಲ್ಲಿ ಗೋಡೆಗೆ ಒರಗಿ ಅತ್ತರು. ನನಗೆ ಮರುಕವಾಯಿತು. ಸಿಟ್ಟು ಮಾತ್ರ ಇದ್ದಲ್ಲೇ ಇತ್ತು. ಎರಡೂ ಒಟ್ಟಿಗೆ ಇರಬಹುದು ಎಂದು ನನಗೆ ಆಗ ಗೊತ್ತಾಯಿತು. ಸಂಜೆ ಹಿತ್ತಲಿಗೆ ಬಂದವರು ಚಿಂದಿ ನೋಡಿ ಎರಡು ಹೆಜ್ಜೆ ದೂರವೇ ನಿಂತರು.

"ಈ ಸಲ ನಾ ಮುಟ್ಟಿಲ್ಲ ನೋಡವಾ," ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ನಾನು ನಗಲಿಲ್ಲ.

ಗಣಪತಿ ಕಳೆದ ಮೇಲೆ ಕಾಯಿಗಳು ಅರಿಶಿಣದಂತಾದವು, ಚರ್ಮ ಸಡಿಲಾಯಿತು. ಆಮೇಲೂ ಬಿಟ್ಟು, ತಾವಾಗಿ ತೊಟ್ಟು ಬಿಡುವ ಹೊತ್ತಿಗೆ ಇಳಿಸಿದೆ. ನೆರಳಲ್ಲಿ ಮೆತ್ತಗಾಗಲು ಇಟ್ಟು, ಒಡೆದು, ಹೊಳೆ ನೀರಲ್ಲಿ ಹಿಚುಕಿದೆ. ಜೊಳ್ಳು ಮೇಲೆ ತೇಲಿತು, ಗಟ್ಟಿ ಬೀಜ ತಳಕ್ಕೆ ಕೂತಿತು. ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ಬಟ್ಟೆಯ ಮೇಲೆ ಹರವಿ ಆರಿಸಿದೆ. ಇದನ್ನು ಮಾಡುವಾಗ ಅತ್ತೆ ಪ್ರತಿ ಸಲ ಹೇಳುತ್ತಿದ್ದ ಮಾತು ನೆನಪಾಯಿತು. "ಮುಳುಗಿದ್ದಽ ಬೀಜ ಬೇ, ತೇಲಿದ್ದಲ್ಲ." ಹಳೆ ಊರಿನಲ್ಲಿ ಅದು ಬರೀ ಬೀಜದ ಮಾತಾಗಿತ್ತು.

ಅತ್ತೆಯಂತೆ ಗಂಟು ಕಟ್ಟಿ ಜಂತಿಗೆ ಹಾಕಲು ಏಣಿ ತಂದೆ. ಅರ್ಧ ಹತ್ತಿ ಇಳಿದೆ. ಒಂದೇ ಮನೆಯ ಜಂತಿ, ಒಂದೇ ಹಿತ್ತಲು ಎಂದಾದ್ದರಿಂದಲೇ ಒಂದು ಬೆಳಗಿನ ಅಡಿಗೆಗೆ ಎಲ್ಲ ಮುಗಿಯುತ್ತಿತ್ತು. ಒಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಓಣಿಯ ಮನೆಮನೆಗೆ ಒಯ್ದೆ. ಪ್ರತಿ ಪುಡಿಕೆಯ ಜೊತೆ ಒಂದು ಕೆಂಪು ಚಿಂದಿ. ಗುಂಡಿ ಹೇಗೆ, ಬತ್ತಿ ಹೇಗೆ, ಎಲ್ಲ ಹೇಳಿದೆ. ಅಷ್ಟು ಮಾತು ನಾನು ಜೀವಮಾನದಲ್ಲಿ ಆಡಿರಲಿಲ್ಲ.

"ನಮ್ಮ ಹಿತ್ತಲ ಫರಸಿ ಹಾಸೈತಲ್ಲಬೇ," ಎಂದಳು ಪಕ್ಕದ ಮನೆಯಾಕೆ.

"ಒಂದು ಕಲ್ಲು ಕೀಳ್ರಿ."

"ಕಲ್ಲ ಕಿತ್ತರ ಮನಿಯವ್ರು ನನ್ನ ಕೀಳ್ತಾರ!" ಎಂದು ನಕ್ಕಳು. ಆದರೆ ಪುಡಿಕೆ ಸೆರಗಿಗೆ ಕಟ್ಟಿಕೊಂಡಳು. ಸಂಜೆ ಅವರ ಹಿತ್ತಲಿಂದ ಹಾರಿಯ ಸದ್ದು ಕೇಳಿತು.

ಎಲ್ಲರಿಗೂ ಹುಟ್ಟಲಿಲ್ಲ. ಕೆಲವರು ಸವಳು ನೀರನ್ನೇ ಸುರಿದು ಸುಟ್ಟರು, ಒಬ್ಬರ ಸಸಿಯನ್ನು ಆಡು ತಿಂದಿತು. ಆದರೂ ಚಳಿಗಾಲದಲ್ಲಿ ನಮ್ಮ ಓಣಿಯ ಹಿತ್ತಲುಗಳಲ್ಲಿ ಅಲ್ಲಲ್ಲಿ ಕೆಂಪು ಚಿಂದಿ ಅಲ್ಲಾಡುವುದು ಕಾಣುತ್ತಿತ್ತು. ಸಂತೆಯವನ ಅಣಕದ ಮಾತೇ ಅದಕ್ಕೆ ಹೆಸರಾಯಿತು, ಮುಳುಗಡಿ ಮುಳಗಾಯಿ. ನೀರು ಬಿಡುವವನೂ ಒಂದು ದಿನ ಬಂದು ಎರಡು ಸಸಿ ಕೇಳಿದ. "ಗಿಡಕ್ಕ ಅಲ್ಲ, ಕುಡ್ಯಾಕ" ಎಂದೆ. ಮುಖ ಕೆಂಪಗೆ ಮಾಡಿಕೊಂಡ. ಸಸಿ ಕೊಟ್ಟೆ.

ಅತ್ತೆಯ ವರ್ಷದ ದಿನಕ್ಕೆ ನೆಂಟರು ಮತ್ತೆ ಸೇರಿದರು. ನಾನು ಬೆಳಿಗ್ಗೆ ನಳದ ಸರದಿಗೆ ಹೋಗಬೇಕಿತ್ತು. ಹೋಗಲೋ ಬೇಡವೋ ಎಂದು ಕೊಡ ಹಿಡಿದು ಅಂಗಳದಲ್ಲೇ ನಿಂತೆ. ಕಡೆಗೆ ಹೋದೆ. ವಾಪಸ್ಸು ಬಂದಾಗ ಒಲೆಯ ಮೇಲೆ ಎಣ್ಣೆ ಇರಲಿಲ್ಲ. ನಾದಿನಿ ಹಿತ್ತಲ ಹೊಸ್ತಿಲ ಮೇಲೆ ಬುಟ್ಟಿ ಹಿಡಿದು ಕೂತಿದ್ದರು. ಏಳಲು ಹೋಗಿ ಕಾಲು ಜೋಮು ಹಿಡಿದು ಮತ್ತೆ ಕೂತಾಗ, ಕೂತು ಬಹಳ ಹೊತ್ತಾಗಿತ್ತೆಂದು ತಿಳಿಯಿತು.

"ಯಾವ್ ಕಾಯಿ ಹರೀಲವಾ?" ಎಂದು ಕೇಳಿದರು.

ಅತ್ತೆಯ ಬೀಜ ಬಹುಪಾಲು ಹೋಗಿ, ನನ್ನ ಒಂದು ವರ್ಷ ಹೋಗಿ ಬಂದ ಪ್ರಶ್ನೆ ಅದು. ಮೊದಲೇ ಕೇಳಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಎಂಬ ಮಾತು ಬಾಯಿಗೆ ಬಂತು.

"ಚಿಂದಿ ಇಲ್ಲದ್ದು ಹರೀರಿ ಅಕ್ಕಾರ," ಎಂದೆ.

ಗೋರಿಗೆ ಎಡೆ ಹೋಯಿತು. ಪಂಕ್ತಿ ಕೂತಿತು. ಈ ಸಲ ನಾನೂ ತಾಟು ಇಟ್ಟುಕೊಂಡು ಕೂತೆ. ನಾದಿನಿ ಎಣ್ಣಿಗಾಯಿ ತಂದು ಬಡಿಸುವ ಮುಂಚೆ ನನ್ನ ಕೈ ನೋಡಿದರು. ನಾನು ಕೈ ಅಡ್ಡ ಹಿಡಿಯಲಿಲ್ಲ. ಮುರಿದು ಬಾಯಿಗಿಟ್ಟೆ. ಉಪ್ಪು ಹಾಕುವುದನ್ನು ಮರೆತಿದ್ದರು.

ಯಾರೂ ಹೇಳಲಿಲ್ಲ. ಎಲ್ಲರೂ ಉಂಡೆವು.